ಊಟಿಯ ಸಸ್ಯೋದ್ಯಾನ: ಹೂವಿನ ಲೆಕ್ಕ ನೋಡಿಕೊಂಡು ಹೊರಡಿ

ಊಟಿಯ ಸರ್ಕಾರಿ ಸಸ್ಯೋದ್ಯಾನ, ಅಂದರೆ ಎಲ್ಲರ ಬಾಯಲ್ಲಿ ಬೊಟಾನಿಕಲ್ ಗಾರ್ಡನ್. ಅದರ ಬಗ್ಗೆ ಕೇಳಿಬರುವ ದೂರು ಬಹುಪಾಲು ಒಂದೇ: ‘ಫೋಟೊದಲ್ಲಿ ಇದ್ದಷ್ಟು ಹೂವು ಇರಲಿಲ್ಲ.’ ಹಾಗೆನ್ನುವವರು ಸಾಮಾನ್ಯವಾಗಿ ಜೂನ್ ಕೊನೆಯಲ್ಲೋ ಡಿಸೆಂಬರ್ ರಜೆಯಲ್ಲೋ ಹೋಗಿ ಬಂದಿರುತ್ತಾರೆ. ಅಲ್ಲಿನ ಹೂವು ಬೆಟ್ಟದಲ್ಲಿ ತಾನಾಗಿ ಅರಳುವ ಕಾಡುಹೂವಲ್ಲ. ನರ್ಸರಿಯಲ್ಲಿ ಬಿತ್ತಿ, ಕುಂಡಕ್ಕೆ ಏರಿಸಿ, ಮೊಗ್ಗು ಬಿಡುವ ಹೊತ್ತಿಗೆ ತಂದು ಜೋಡಿಸುವ ಹೂವು. ಬಿತ್ತನೆಯ ಲೆಕ್ಕ ಗೊತ್ತಿದ್ದರೆ ಯಾವ ವಾರ ಹೋಗಬೇಕು ಎನ್ನುವುದೂ ಗೊತ್ತಾಗುತ್ತದೆ.

ಉದ್ಯಾನ ಇರುವುದು ದೊಡ್ಡಬೆಟ್ಟದ ಕೆಳ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 2,250 ಮೀಟರ್ ಎತ್ತರದಿಂದ ಮೇಲಕ್ಕೆ. ವಿಸ್ತಾರ 55 ಎಕರೆ. ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಕೆಲಸ ಕಲಿತಿದ್ದ ವಿಲಿಯಂ ಗ್ರಹಾಂ ಮೆಕೈವರ್ 1848ರಲ್ಲಿ ಬಂದು ಇದಕ್ಕೆ ರೂಪ ಕೊಟ್ಟ. ಈಗ ನೋಡಿಕೊಳ್ಳುವುದು ತಮಿಳುನಾಡಿನ ತೋಟಗಾರಿಕೆ ಇಲಾಖೆ.

ಯಾವ ತಿಂಗಳು ಏನಿರುತ್ತದೆ

ಊಟಿಯವರ ಮಾತಿನಲ್ಲಿ ವರ್ಷಕ್ಕೆ ಎರಡು ‘ಸೀಸನ್’. ಮೊದಲನೆಯದು ಏಪ್ರಿಲ್–ಮೇ, ಎರಡನೆಯದು ಸೆಪ್ಟೆಂಬರ್–ಅಕ್ಟೋಬರ್.

ಮೇ ತಿಂಗಳ ಹೂವಿನ ಕೆಲಸ ಚಳಿಗಾಲದಲ್ಲೇ ಶುರುವಾಗುತ್ತದೆ. ಚೆಂಡುಹೂ ಎರಡು–ಎರಡೂವರೆ ತಿಂಗಳಿಗೆ ಅರಳುತ್ತದೆ. ಸಾಲ್ವಿಯಾ, ಪೆಟೂನಿಯಾ, ಪ್ಯಾನ್ಸಿಗಳಿಗೆ ಮೂರು–ಮೂರೂವರೆ ತಿಂಗಳು ಬೇಕು. ಸಿನೆರೇರಿಯಾ ಐದು ತಿಂಗಳವರೆಗೂ ಕಾಯಿಸುತ್ತದೆ. ಇವೆಲ್ಲವನ್ನೂ ಬೇರೆ ಬೇರೆ ವಾರ ಬಿತ್ತಿ ಒಂದೇ ವಾರಕ್ಕೆ ಅರಳಿಸುವುದು ಅಲ್ಲಿನ ಮಾಲಿಗಳ ಕೈಚಳಕ. ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ನೆಲದ ಮೇಲೆ ಹಿಮ ಕಟ್ಟುವುದರಿಂದ ಎಳೆ ಸಸಿಗಳಿಗೆ ಪೊದೆಸೊಪ್ಪು ಹೊದಿಸಿ, ಬೆಳಗಿನ ಜಾವ ನೀರು ಚಿಮುಕಿಸಿ ಕಾಪಾಡುತ್ತಾರೆ. ಆ ತಿಂಗಳಲ್ಲಿ ಹೋದವರಿಗೆ ಕಾಣುವುದು ಈ ಸಿದ್ಧತೆ ಮತ್ತು ಹಿಮಕ್ಕೆ ಕಂದಿದ ಹುಲ್ಲು. ಆಕಾಶ ಮಾತ್ರ ವರ್ಷದಲ್ಲೇ ಸ್ವಚ್ಛವಾಗಿರುತ್ತದೆ. ಮರಗಳನ್ನೂ ಗಾಜಿನ ಮನೆಯನ್ನೂ ಜರೀಗಿಡಗಳನ್ನೂ ನಿಧಾನವಾಗಿ ನೋಡುವವರಿಗೆ ಅದೇ ಒಳ್ಳೆಯ ಕಾಲ.

ಮೇ ತಿಂಗಳ ಫಲಪುಷ್ಪ ಪ್ರದರ್ಶನ 1896ರಲ್ಲಿ ಆರಂಭವಾದದ್ದು. 2024ರಲ್ಲಿ ಮೇ 10ಕ್ಕೆ, 2025ರಲ್ಲಿ ಮೇ 15ಕ್ಕೆ ಶುರುವಾಗಿತ್ತು. ಎರಡೂ ವರ್ಷ ಒಂದು ವಾರಕ್ಕಿಂತ ಹೆಚ್ಚು ನಡೆಯಿತು. ದಿನಾಂಕವನ್ನು ನೀಲಗಿರಿ ಜಿಲ್ಲಾಡಳಿತ ಮುಂಚೆಯೇ ಪ್ರಕಟಿಸುತ್ತದೆ. ಅದು ತಿಳಿದ ಮೇಲೆ ನಮ್ಮ ಸಲಹೆ ಹೀಗೆ:

ಕತ್ತರಿಸಿದ ಕಾರ್ನೇಷನ್, ಗುಲಾಬಿ, ಸೇವಂತಿಗೆಗಳಲ್ಲಿ ಕಟ್ಟುವ ದೊಡ್ಡ ಆಕೃತಿಗಳನ್ನು ನೋಡಲೇಬೇಕೆಂದರೆ ಪ್ರದರ್ಶನದ ಎರಡನೇ ಅಥವಾ ಮೂರನೇ ದಿನ ಹೋಗಿ. ಮೊದಲ ದಿನ ಉದ್ಘಾಟನೆ, ಗಣ್ಯರ ಓಡಾಟ, ಪೊಲೀಸ್ ಬಂದೋಬಸ್ತು. ನಾಲ್ಕನೇ ದಿನದ ಹೊತ್ತಿಗೆ ಬಿಸಿಲಿಗೆ ಒಡ್ಡಿದ ಬದಿಯ ಹೂವಿನ ಅಂಚು ಕಂದಿರುತ್ತದೆ. ಮಧ್ಯೆ ಮಳೆ ಬಂದರಂತೂ ಕಾರ್ನೇಷನ್ ನೀರು ಹೀರಿ ಜೋತುಬೀಳುತ್ತದೆ. ಆಕೃತಿಗಳ ಮೋಹ ಇಲ್ಲದಿದ್ದರೆ ಪ್ರದರ್ಶನ ಮುಗಿದ ಮುಂದಿನ ಸೋಮವಾರದಿಂದ ಗುರುವಾರದೊಳಗೆ ಹೋಗುವುದು ಎಲ್ಲಕ್ಕಿಂತ ಲೇಸು. ಕುಂಡದ ಗಿಡಗಳನ್ನು ಮರುದಿನವೇ ತೆಗೆದುಬಿಡುವುದಿಲ್ಲ. ಹೂವು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಜನ ಕರಗಿರುತ್ತಾರೆ.

ಜೂನ್ ಮಧ್ಯದಿಂದ ಆಗಸ್ಟ್‌ವರೆಗೆ ಮುಂಗಾರಿನ ಜಡಿಮಳೆ, ಚಳಿಗಾಳಿ. ಹಳೆಯ ಕುಂಡಗಳನ್ನು ಖಾಲಿ ಮಾಡಿ ಎರಡನೇ ಸೀಸನ್ನಿಗೆ ಮಣ್ಣು ತುಂಬುವ ಕಾಲ ಅದು. ಮೇ ತಿಂಗಳ ತುಳಿತಕ್ಕೆ ಸೊರಗಿದ ಹುಲ್ಲುಹಾಸನ್ನು ಚೇತರಿಸಿಕೊಳ್ಳಲು ಮುಚ್ಚಿಡುವುದೂ ಉಂಟು. ಹೂವಿಗಾಗಿ ಹೋಗುವವರು ಈ ಎರಡೂವರೆ ತಿಂಗಳು ಬಿಡಿ.

ಎರಡನೇ ಸೀಸನ್ನಿಗೆ ಹೆಸರು ಕಡಿಮೆ, ಆದರೆ ಕುಟುಂಬದೊಂದಿಗೆ ಹೋಗುವವರಿಗೆ ನಾವು ಹೇಳುವುದು ಅದನ್ನೇ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಎರಡನೇ ವಾರದವರೆಗೆ ಡೇಲಿಯಾ, ಸಾಲ್ವಿಯಾ, ಚೆಂಡುಹೂ, ಬೆಗೋನಿಯಾ ಚೆನ್ನಾಗಿರುತ್ತವೆ. ಮುಂಗಾರು ಮುಗಿದು ಬೆಟ್ಟ ಹಸಿರಾಗಿರುತ್ತದೆ. ದಸರಾ ರಜೆಯ ವಾರ ಮಾತ್ರ ಮೈಸೂರು ಕಡೆಯಿಂದ ವಾಹನಗಳು ಸಾಲುಗಟ್ಟುತ್ತವೆ; ಅದರ ಹಿಂದಿನ ವಾರ ಹೋಗಿ. ಅಕ್ಟೋಬರ್ ಕೊನೆಯಿಂದ ಹಿಂಗಾರು ಮಳೆ ಹಿಡಿಯುತ್ತದೆ.

ನೀಲಕುರಿಂಜಿಯ ಆಸೆಯಿಂದ ಈ ಉದ್ಯಾನಕ್ಕೆ ಬರಬೇಡಿ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಆ ಜಾತಿ 2006ರಲ್ಲಿ, 2018ರಲ್ಲಿ ಹೂಬಿಟ್ಟಿತ್ತು. ಮುಂದಿನ ಸರದಿ 2030. ಅದು ಬೆಟ್ಟದ ಹುಲ್ಲುಗಾವಲಿನ ಗಿಡ, ಕುಂಡದ್ದಲ್ಲ. ನಡುವಿನ ವರ್ಷಗಳಲ್ಲಿ ‘ಕುರಿಂಜಿ ಅರಳಿದೆ’ ಎಂದು ಹರಿದಾಡುವ ಚಿತ್ರಗಳು ಬಹುತೇಕ ಅದೇ ಕುಲದ ಬೇರೆ ಜಾತಿಗಳವು.

ಇ-ಪಾಸ್, ದಾರಿ, ಗೇಟಿನ ಸಮಯ

2024ರ ಮೇ 7ರಿಂದ, ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ, ನೀಲಗಿರಿಗೆ ಸ್ವಂತ ಅಥವಾ ಬಾಡಿಗೆ ವಾಹನದಲ್ಲಿ ಹೋಗುವ ಹೊರಗಿನವರಿಗೆ ಇ-ಪಾಸ್ ಕಡ್ಡಾಯವಾಗಿದೆ. ಶುಲ್ಕವಿಲ್ಲ. ತಮಿಳುನಾಡು ಸರ್ಕಾರದ ಇ-ಪಾಸ್ ಜಾಲತಾಣದಲ್ಲಿ ಮೊಬೈಲ್ ಸಂಖ್ಯೆ ಕೊಟ್ಟರೆ ಒಟಿಪಿ ಬರುತ್ತದೆ. ನಂತರ ವಾಹನದ ಸಂಖ್ಯೆ, ಜನ ಎಷ್ಟು, ಒಳಬರುವ ಮತ್ತು ಹೊರಹೋಗುವ ದಿನ, ಉಳಿಯುವ ಜಾಗ ತುಂಬಬೇಕು. ಪಾಸು ವಾಹನಕ್ಕೊಂದು, ತಲೆಗೊಂದಲ್ಲ. 2025ರ ಬೇಸಿಗೆಯಲ್ಲಿ ವಾರದ ದಿನಗಳಿಗೆ 6,000, ವಾರಾಂತ್ಯಕ್ಕೆ 8,000 ವಾಹನಗಳ ಮಿತಿ ಹಾಕಿದ್ದರು. ಮಿತಿ ಇರುವಾಗ ಶನಿವಾರದ ಪಾಸನ್ನು ಶುಕ್ರವಾರ ರಾತ್ರಿ ಹುಡುಕಿದರೆ ಸಿಗುವುದು ಕಷ್ಟ. ಹಾಗಾಗಿ ಮೊದಲು ಪಾಸು, ಆಮೇಲೆ ಕೋಣೆಗೆ ಮುಂಗಡ. ಇದನ್ನು ತಿರುಗುಮುರುಗು ಮಾಡಿ ಹಣ ಕಳೆದುಕೊಳ್ಳುವವರು ಪ್ರತಿ ಮೇ ತಿಂಗಳಲ್ಲೂ ಇರುತ್ತಾರೆ. ಪಾಸನ್ನು ಫೋನಿನಲ್ಲಿ ಚಿತ್ರವಾಗಿ ಉಳಿಸಿಕೊಳ್ಳಿ. ಕಾಡಿನ ನಡುವೆ ನೆಟ್‌ವರ್ಕ್ ನಂಬುವಂತಿಲ್ಲ. ಸರ್ಕಾರಿ ಬಸ್ಸಿನಲ್ಲೋ ರೈಲಿನಲ್ಲೋ ಬರುವವರಿಗೆ ಪಾಸು ಬೇಡ.

ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ತೆಪ್ಪಕಾಡಿನಲ್ಲಿ ದಾರಿ ಕವಲೊಡೆಯುತ್ತದೆ. ಮಸಿನಗುಡಿ–ಕಲ್ಲಟ್ಟಿ ಮೇಲೆ ಊಟಿಗೆ ಸುಮಾರು 36 ಕಿ.ಮೀ., 36 ಹೇರ್‌ಪಿನ್ ತಿರುವು, ಕಡಿದಾದ ಏರು. ಗೂಡಲೂರು ಮೇಲೆ ಸುಮಾರು 67 ಕಿ.ಮೀ., ರಸ್ತೆ ಅಗಲ, ಏರು ನಿಧಾನ. ಘಾಟಿಯಲ್ಲಿ ಓಡಿಸಿ ರೂಢಿಯಿಲ್ಲದವರು, ತುಂಬಿದ ಏಳು ಆಸನದ ಕಾರಿನವರು, ವಾಂತಿಯ ತೊಂದರೆ ಇರುವ ಮಕ್ಕಳಿರುವವರು ಗೂಡಲೂರು ದಾರಿ ಹಿಡಿಯಿರಿ. ಕಲ್ಲಟ್ಟಿಯಲ್ಲಿ ಬ್ರೇಕ್ ಕಾದು ಆದ ಅಪಘಾತಗಳ ನಂತರ ಹೊರಗಿನ ವಾಹನಗಳು ಆ ದಾರಿಯಲ್ಲಿ ಇಳಿಯುವುದನ್ನು ನಿರ್ಬಂಧಿಸಿದ್ದಾರೆ. ಹಿಂತಿರುಗುವುದು ಗೂಡಲೂರು ಮೇಲೆಯೇ ಎಂದು ಲೆಕ್ಕ ಹಾಕಿ. ಯಾವ ಘಾಟಿಯಾದರೂ ಇಳಿಯುವಾಗ ಎರಡನೇ ಗೇರು, ಕಡಿದಾದ ಕಡೆ ಮೊದಲನೇ ಗೇರು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಪ್ಯಾಡು ಕಾದು ವಾಸನೆ ಬರುತ್ತದೆ, ಆಮೇಲೆ ಹಿಡಿತವೇ ಇರುವುದಿಲ್ಲ. ರಾತ್ರಿ ಒಂಬತ್ತರೊಳಗೆ ಬಂಡೀಪುರ ದಾಟಬೇಕೆಂದರೆ ಮೇ ತಿಂಗಳಲ್ಲಿ ಊಟಿಯಿಂದ ಮಧ್ಯಾಹ್ನ ಮೂರರೊಳಗೆ ಹೊರಡಿ.

ಗಡಿಯಲ್ಲಿ ಪ್ಲಾಸ್ಟಿಕ್ ತಪಾಸಣೆ ಇದೆ. ಒಂದು, ಎರಡು ಲೀಟರಿನ ನೀರಿನ ಬಾಟಲಿ, ತಂಪುಪಾನೀಯದ ಬಾಟಲಿ, ಕ್ಯಾರಿಬ್ಯಾಗ್ ಸಿಕ್ಕರೆ ತೆಗೆದಿಟ್ಟುಕೊಳ್ಳುತ್ತಾರೆ, ದಂಡವೂ ಬೀಳಬಹುದು. ಮನೆಯಿಂದಲೇ ಸ್ಟೀಲ್ ಬಾಟಲಿ ತನ್ನಿ. ದಾರಿಯಲ್ಲೂ ಊರಿನಲ್ಲೂ ನೀರಿನ ಎಟಿಎಂಗಳಿವೆ. ಚಿಲ್ಲರೆ ನಾಣ್ಯ ಇಟ್ಟುಕೊಳ್ಳಿ.

ಬೆಂಗಳೂರಿನಿಂದ ನಸುಕಿಗೆ ಹೊರಟು, ಮಧ್ಯಾಹ್ನ ಒಂದಕ್ಕೆ ಊಟಿ ಮುಟ್ಟಿ, ಅಲ್ಲಿಂದ ನೇರ ಉದ್ಯಾನಕ್ಕೆ ನುಗ್ಗುವುದು ಬಹಳ ಜನ ಮಾಡುವ ಕೆಲಸ. ಅದಕ್ಕಿಂತ ಕೆಟ್ಟ ಹೊತ್ತಿಲ್ಲ. ಜನ ತುಂಬಿರುತ್ತಾರೆ, ವಾಹನ ನಿಲ್ಲಿಸಲು ಜಾಗವಿರುವುದಿಲ್ಲ, ಮೇ ತಿಂಗಳಾದರೆ ಮೂರರ ಹೊತ್ತಿಗೆ ಗುಡುಗುಮಳೆ ಬರುವ ಸಂಭವವೂ ಇದೆ. ಮೊದಲ ದಿನ ವಿಶ್ರಾಂತಿ. ಮರುದಿನ ಬೆಳಗ್ಗೆ ಗೇಟು ತೆರೆಯುವ 7 ಗಂಟೆಗೆ ಉದ್ಯಾನ. ಒಂಬತ್ತೂವರೆಯ ನಂತರ ಟೂರಿಸ್ಟ್ ಬಸ್ಸುಗಳು ಬಂದು ನಿಲ್ಲತೊಡಗುತ್ತವೆ. ಪ್ರದರ್ಶನದ ದಿನಗಳಲ್ಲಿ ಪ್ರವೇಶ ದರ ಹೆಚ್ಚಿರುತ್ತದೆ, ದೊಡ್ಡ ಕ್ಯಾಮೆರಾಗೆ ಬೇರೆ ಚೀಟಿ. ಸೀಸನ್ನಿನಲ್ಲಿ ಕಾರನ್ನು ವಸತಿಗೃಹದಲ್ಲೇ ಬಿಟ್ಟು ಆಟೊ ಅಥವಾ ಪ್ರವಾಸಿ ತಾಣಗಳನ್ನು ಸುತ್ತುವ ಸರ್ಕ್ಯೂಟ್ ಬಸ್ ಹಿಡಿಯಿರಿ. ಚೇರಿಂಗ್ ಕ್ರಾಸ್ ಹತ್ತಿರ ಉಳಿದುಕೊಂಡರೆ ನಡೆದೇ ಹೋಗಬಹುದು.

ಒಳಗೆ ಯಾವುದು ಮೊದಲು

ಉದ್ಯಾನ ಮಟ್ಟಸ ನೆಲದಲ್ಲಿಲ್ಲ. ಗೇಟಿನಿಂದ ಕೊನೆಯವರೆಗೂ ಏರು, ಮಟ್ಟ ಮಟ್ಟವಾಗಿ. ಪೂರ್ತಿ ನೋಡಲು ಎರಡೂವರೆಯಿಂದ ಮೂರು ಗಂಟೆ ಬೇಕು. ಕರಾವಳಿಯಿಂದಲೋ ಬಯಲುಸೀಮೆಯಿಂದಲೋ ನಿನ್ನೆಯಷ್ಟೇ ಮೇಲೆ ಬಂದವರಿಗೆ ಏರಿನಲ್ಲಿ ಸ್ವಲ್ಪ ಏದುಸಿರು ಬರುವುದು ಸಹಜ. ಮಂಡಿನೋವಿನವರು ಕೆಳ ಉದ್ಯಾನ, ಗಾಜಿನ ಮನೆ, ಇಟಾಲಿಯನ್ ಗಾರ್ಡನ್ ಇಷ್ಟಕ್ಕೆ ನಿಲ್ಲಿಸಿದರೂ ಹೂವಿನ ಮುಕ್ಕಾಲು ಪಾಲು ನೋಡಿದಂತೆಯೇ.

ಗೇಟು ದಾಟಿದ ಕೂಡಲೇ ಕಾಣುವ ಹುಲ್ಲುಹಾಸಿನಲ್ಲಿ ಎಲ್ಲರೂ ನಿಂತುಬಿಡುತ್ತಾರೆ. ನೀವು ನಿಲ್ಲಬೇಡಿ. ಹುಲ್ಲುಹಾಸಿಗೆ ಜನ ಬಂದರೂ ನಷ್ಟವಿಲ್ಲ; ಇಕ್ಕಟ್ಟಾದ ಜಾಗಗಳನ್ನು ಖಾಲಿ ಇರುವಾಗಲೇ ನೋಡಿ ಮುಗಿಸಬೇಕು. ಹಾಗಾಗಿ ಮೊದಲು ಗಾಜಿನ ಮನೆ. ಸಿನೆರೇರಿಯಾ, ಕ್ಯಾಲ್ಸಿಯೊಲೇರಿಯಾ, ಸೈಕ್ಲಮೆನ್, ಗೆಡ್ಡೆ ಬೆಗೋನಿಯಾದಂಥ ಸೂಕ್ಷ್ಮ ಗಿಡಗಳು ಇಂಥ ಕಡೆಯೇ ಇರುತ್ತವೆ. ಇವು ನೆರಳನ್ನೂ ತಂಪನ್ನೂ ಬಯಸುತ್ತವೆ, ಮಳೆಹನಿ ಬಿದ್ದರೆ ದಳ ಕೊಳೆಯುತ್ತದೆ. ಬೆಂಗಳೂರಿನ ಪ್ರದರ್ಶನಗಳಲ್ಲಿ ಅಪರೂಪಕ್ಕೆ ಕಾಣುವ ಗಿಡಗಳಿವು, ಹಾಗಾಗಿ ಇಲ್ಲಿ ಅರ್ಧ ಗಂಟೆ ಕೊಡಿ. ಕ್ಯಾಲ್ಸಿಯೊಲೇರಿಯಾದ ಉಬ್ಬಿದ ಚೀಲದಂಥ ಹೂವನ್ನು ಮಕ್ಕಳು ಒತ್ತಿ ನೋಡಲು ಹೋಗುತ್ತಾರೆ. ಒತ್ತಿದ ಹೂವು ಸಂಜೆಯೊಳಗೆ ಕಪ್ಪಾಗುತ್ತದೆ.

ನಂತರ ಇಟಾಲಿಯನ್ ಗಾರ್ಡನ್. ಕುಂಡಗಳಲ್ಲ, ನೆಲದ ಮಡಿಗಳು: ಒಂದೊಂದು ಮಡಿಯಲ್ಲಿ ಒಂದೊಂದು ಬಣ್ಣ. ಕುಂಡದ ಗ್ಯಾಲರಿಯಲ್ಲಿ ಬಾಡಿದ ಗಿಡವನ್ನು ರಾತ್ರೋರಾತ್ರಿ ಬದಲಿಸಬಹುದು, ಮಡಿಯಲ್ಲಿ ಆಗುವುದಿಲ್ಲ. ಆ ವರ್ಷದ ಹವೆ ಹೂವಿಗೆ ಒಗ್ಗಿದೆಯೇ ಎಂದು ತಿಳಿಯಬೇಕಾದರೆ ಮಡಿಗಳನ್ನು ನೋಡಬೇಕು. ಮುಂಚಿನ ವಾರ ಜೋರು ಮಳೆಯಾಗಿದ್ದರೆ ಪೆಟೂನಿಯಾ ಮಡಿಗಳು ನೆಲಕಚ್ಚಿರುತ್ತವೆ. ಸಾಲ್ವಿಯಾ, ಚೆಂಡುಹೂ ತಡೆದುಕೊಂಡಿರುತ್ತವೆ.

ಮೂರನೆಯದು ಕುಂಡಗಳ ಗ್ಯಾಲರಿ. ಸೀಸನ್ನಿನಲ್ಲಿ ಸಾವಿರಾರು ಕುಂಡ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿರುತ್ತಾರೆ. ಜನ ಮುಂದೆ ನಿಂತು ಸೆಲ್ಫಿ ತೆಗೆದು ಹೊರಟುಬಿಡುವ ಜಾಗ ಇದು. ನಿಜವಾಗಿ ನೋಡಬೇಕಾದ್ದು ಹಿಂದಿನ ಸಾಲುಗಳನ್ನು: ಎತ್ತರದ ಡೆಲ್ಫಿನಿಯಂ, ಲಿಲಿಯಂ, ಡೇಲಿಯಾ ಅಲ್ಲಿರುತ್ತವೆ, ತಳಿಯ ಹೆಸರಿನ ಚೀಟಿಯೂ ಕೆಲವಕ್ಕೆ ಇರುತ್ತದೆ. ಬೇಕಾದ ತಳಿಯ ಚೀಟಿಯ ಫೋಟೊ ತೆಗೆದುಕೊಳ್ಳಿ, ಮುಂದೆ ಬೀಜ ಕೊಳ್ಳುವಾಗ ಉಪಯೋಗಕ್ಕೆ ಬರುತ್ತದೆ.

ಇಷ್ಟಾಗುವಾಗ ಒಂಬತ್ತು ಆಗಿರುತ್ತದೆ. ಕೆಳಗೆ ಗಲಾಟೆ ಶುರುವಾಗುವ ಹೊತ್ತಿಗೆ ನೀವು ಮೇಲಿನ ಮಟ್ಟಗಳ ಕಡೆ ನಡೆಯಿರಿ. ಸುಮಾರು 2 ಕೋಟಿ ವರ್ಷ ಹಳೆಯದು ಎನ್ನಲಾಗುವ ಕಲ್ಲಾದ ಮರದ ಕಾಂಡ, ಕಾರ್ಕ್ ಮರ, ಮಂಕಿ ಪಜಲ್ ಮರ ಇವನ್ನೆಲ್ಲ ದಾರಿಯಲ್ಲಿ ನೋಡಬಹುದು. ಕಾರ್ಕ್ ಮರದ ತೊಗಟೆಯನ್ನು ಉಗುರಿನಿಂದ ಕೀಳುವ ಚಾಳಿ ಬೇಡ. ಇನ್ನೂ ಮೇಲಕ್ಕೆ ಹತ್ತಿದರೆ ತೋಡರ ಮಂದ್ ಇದೆ. ಅದು ಪ್ರದರ್ಶನದ ವಸ್ತುವಲ್ಲ, ನೀಲಗಿರಿಯ ಮೂಲನಿವಾಸಿಗಳಾದ ತೋಡರ ವಸತಿ. ಗುಡಿಯ ಹತ್ತಿರ ಹೋಗಬೇಡಿ, ಕೇಳದೆ ಯಾರ ಫೋಟೊವನ್ನೂ ತೆಗೆಯಬೇಡಿ. ಉದ್ಯಾನಕ್ಕೆ ತಾಗಿಕೊಂಡಿರುವ ರಾಜ್ಯಪಾಲರ ನಿವಾಸದ ಆವರಣಕ್ಕೆ ಪ್ರವೇಶವಿಲ್ಲ.

ಹುಲ್ಲುಹಾಸು ಕೊನೆಗೆ. ಅಷ್ಟರಲ್ಲಿ ಇಬ್ಬನಿ ಆರಿರುತ್ತದೆ, ಕೂರಲು ಬಟ್ಟೆ ಒದ್ದೆಯಾಗುವುದಿಲ್ಲ. ಏಳು ಗಂಟೆಗೆ ಅದೇ ಇಳಿಜಾರಿನ ಹುಲ್ಲಿನ ಮೇಲೆ ನಯವಾದ ಚಪ್ಪಲಿಯಲ್ಲಿ ಓಡಾಡಿದವರು ಜಾರಿ ಬೀಳುವುದು ಮಾಮೂಲು. ಹಿಡಿತವಿರುವ ಬೂಟು, ತೆಳುವಾದ ಎರಡು ಪದರ ಬಟ್ಟೆ, ಕೊಡೆ ಇಷ್ಟು ಸಾಕು. ಮೇ ತಿಂಗಳಲ್ಲಿ ಹಗಲಿನ ಉಷ್ಣಾಂಶ 22–23 ಡಿಗ್ರಿ ದಾಟುವುದು ಕಡಿಮೆ, ಆದರೆ ಈ ಎತ್ತರದಲ್ಲಿ ಬಿಸಿಲಿನ ಚುರುಕು ಗೊತ್ತಾಗದಂತೆ ಮುಖ ಸುಡುತ್ತದೆ. ಟೋಪಿ ಮರೆಯಬೇಡಿ. ಊರೊಳಗೇ ಕಾಡೆಮ್ಮೆ ಬರುವುದುಂಟು. ಕಂಡರೆ ದೂರವೇ ನಿಂತು ದಾರಿ ಬಿಡಿ.

ಫೋಟೊ ತೆಗೆಯುವವರಿಗೆ ಒಂದೆರಡು ಮಾತು. ಮೋಡ ಕವಿದಿದ್ದರೆ ಬೇಸರಪಡಬೇಡಿ, ಹೂವಿನ ಬಣ್ಣ ಆಗಲೇ ಚೆನ್ನಾಗಿ ಬರುವುದು. ಕೆಂಪು ಸಾಲ್ವಿಯಾ ಫೋನಿನಲ್ಲಿ ಬರೀ ಕೆಂಪು ಮುದ್ದೆಯಾಗಿ ಕಾಣುತ್ತದೆ. ಪರದೆಯಲ್ಲಿ ಹೂವಿನ ಮೇಲೆ ಬೆರಳಿಟ್ಟು ಬೆಳಕನ್ನು ಕೆಳಗಿಳಿಸಿದರೆ ದಳಗಳು ಬಿಡಿಬಿಡಿಯಾಗುತ್ತವೆ. ಹೊರಗಿನ ಚಳಿಯಿಂದ ಗಾಜಿನ ಮನೆಯೊಳಗೆ ಹೋದಾಗ ಲೆನ್ಸ್ ಮೇಲೆ ಆವಿ ಕಟ್ಟಿದರೆ ಒರೆಸುತ್ತ ಕೂರದೆ ಐದು ನಿಮಿಷ ಕಾಯಿರಿ.

ಸಮಯ ಉಳಿದರೆ

ಗುಲಾಬಿ ಉದ್ಯಾನವನ್ನು ಸಸ್ಯೋದ್ಯಾನದ ದಿನವೇ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬೇಡಿ. ಎಲ್ಕ್ ಹಿಲ್ ಇಳಿಜಾರಿನಲ್ಲಿ 4 ಹೆಕ್ಟೇರಿನಲ್ಲಿರುವ ಅದು 1995ರಲ್ಲಿ ಶುರುವಾದದ್ದು. ವಿಶ್ವ ಗುಲಾಬಿ ಸಂಘಗಳ ಒಕ್ಕೂಟ 2006ರಲ್ಲಿ ಅದಕ್ಕೆ ಶ್ರೇಷ್ಠ ಉದ್ಯಾನ ಎಂಬ ಗೌರವ ಕೊಟ್ಟಿದೆ. ಅಲ್ಲಿ ನೆರಳು ಕಡಿಮೆ, ಮೆಟ್ಟಿಲು ಬಹಳ. ಗುಲಾಬಿಯನ್ನು ಸವರಿದ ಮೇಲೆ ಎರಡು–ಎರಡೂವರೆ ತಿಂಗಳಿಗೆ ಒಟ್ಟಾಗಿ ಹೂವು ಬರುವುದರಿಂದ ಸೀಸನ್ನಿಗೆ ಲೆಕ್ಕ ಹಿಡಿದು ಕತ್ತರಿ ಹಾಕುತ್ತಾರೆ. ಸುವಾಸನೆ ಬೇಕಾದವರು ಬಿಸಿಲೇರುವ ಮುಂಚೆ ಹೋಗಬೇಕು.

ಫರ್ನ್‌ಹಿಲ್‌ನಲ್ಲಿ 38 ಎಕರೆಯ ‘ಕರ್ನಾಟಕ ಸಿರಿ’ ತೋಟಗಾರಿಕಾ ಉದ್ಯಾನವಿದೆ. ನಮ್ಮ ರಾಜ್ಯದ ತೋಟಗಾರಿಕೆ ಇಲಾಖೆಯದೇ. ಮೇ ತಿಂಗಳ ವಾರಾಂತ್ಯದಲ್ಲಿ ಸಸ್ಯೋದ್ಯಾನದ ನೂಕುನುಗ್ಗಲು ಬೇಡ ಎನ್ನುವವರು, ಮಕ್ಕಳನ್ನು ಓಡಾಡಲು ಬಿಡಬೇಕೆನ್ನುವವರು ಅಲ್ಲಿಗೆ ಹೋಗಬಹುದು. ಹಳೆಯ ಮರಗಳ ಸಂಗ್ರಹದಲ್ಲಿ ಸಸ್ಯೋದ್ಯಾನಕ್ಕೆ ಸಮವಲ್ಲ, ನಿರಾಳತೆಯಲ್ಲಿ ಮೇಲು. ಕೂನೂರಿನ ಸಿಮ್ಸ್ ಪಾರ್ಕ್ 1874ರದ್ದು. ಎತ್ತರ ಕಡಿಮೆಯಾದ್ದರಿಂದ ಚಳಿಯೂ ಕಡಿಮೆ, ಅಲ್ಲಿ ಮೇ ತಿಂಗಳಲ್ಲಿ ಹಣ್ಣಿನ ಪ್ರದರ್ಶನ.

ಗಿಡ ತರುವ ಮುನ್ನ

ಊಟಿಯಲ್ಲಿ ಕೊಂಡ ಗಿಡ ಮನೆಗೆ ಬಂದು ತಿಂಗಳೊಳಗೆ ಸತ್ತಿತು ಎನ್ನುವುದು ಎರಡನೇ ದೊಡ್ಡ ದೂರು. ಫ್ಯೂಷಿಯಾ, ಸಿನೆರೇರಿಯಾ, ಗೆಡ್ಡೆ ಬೆಗೋನಿಯಾ ಬಯಲಿನ ಬೇಸಿಗೆ ತಾಳುವುದಿಲ್ಲ. ಎಷ್ಟೇ ಚೆಂದ ಕಂಡರೂ ಅಲ್ಲೇ ಬಿಟ್ಟುಬನ್ನಿ. ಬೆಂಗಳೂರು, ಮೈಸೂರಿನಲ್ಲಿ ಜೆರೇನಿಯಂ ಬದುಕುತ್ತದೆ, ಮಳೆ ನೇರ ಬೀಳದ ಜಗುಲಿಯಲ್ಲಿ ಇಟ್ಟರೆ. ಪೆಟೂನಿಯಾ, ಪ್ಯಾನ್ಸಿ, ಫ್ಲಾಕ್ಸ್ ಬೇಕಾದರೆ ಗಿಡದ ಬದಲು ಬೀಜ ತನ್ನಿ; ಸೆಪ್ಟೆಂಬರ್ ಕೊನೆ, ಅಕ್ಟೋಬರಿನಲ್ಲಿ ಬಿತ್ತಿದರೆ ಡಿಸೆಂಬರಿನಿಂದ ಫೆಬ್ರುವರಿವರೆಗೆ ಹೂವು. ಪೆಟೂನಿಯಾ ಬೀಜ ಧೂಳಿನಷ್ಟು ಸಣ್ಣದು, ಮೇಲೆ ಮಣ್ಣು ಮುಚ್ಚಬೇಡಿ, ಬೆಳಕು ಬಿದ್ದರೇ ಮೊಳೆಯುವುದು. ಪ್ಯಾನ್ಸಿಗೆ ತದ್ವಿರುದ್ಧ: ತೆಳುವಾಗಿ ಮುಚ್ಚಿ ತಂಪಿನಲ್ಲಿಡಬೇಕು.

ಗಿಡವನ್ನೇ ತರುವುದಾದರೆ ಹಿಂದಿನ ಸಂಜೆ ನೀರು ಹಾಕಿಸಿ, ಹೊರಡುವ ಬೆಳಗ್ಗೆ ಬೇಡ. ಘಾಟಿಯಲ್ಲಿ ಮಣ್ಣು ಕೆಸರಾಗಿ ಬೇರು ಕಳಚುತ್ತದೆ. ಕುಂಡದ ಬಾಯಿಗೆ ಹಳೆಯ ಪತ್ರಿಕೆ ಸುತ್ತಿ, ಡಿಕ್ಕಿಯಲ್ಲಿಡದೆ ಕಾಲ ಬಳಿ ಇಟ್ಟುಕೊಳ್ಳಿ, ಗುಂಡ್ಲುಪೇಟೆ ದಾಟಿದ ಮೇಲೆ ಡಿಕ್ಕಿ ಕಾಯುತ್ತದೆ. ಮನೆಗೆ ಬಂದ ಮೇಲೆ ಹತ್ತು ದಿನ ನೆರಳಲ್ಲಿಡಿ, ಅಷ್ಟರಲ್ಲಿ ಕುಂಡ ಬದಲಿಸಬೇಡಿ.

ಹೆಚ್ಚು ಜನ ತರುವುದು ಹೈಡ್ರೇಂಜಿಯಾ. ಕೊಡಗು, ಚಿಕ್ಕಮಗಳೂರು ಕಡೆ ಅದು ಸಲೀಸಾಗಿ ಬರುತ್ತದೆ. ಬೆಂಗಳೂರಿನಲ್ಲಿ ಬೆಳಗಿನ ಎಳೆಬಿಸಿಲು ಮಾತ್ರ ಬೀಳುವ ಕಡೆ ಇಡಬೇಕು. ನೀಲಗಿರಿಯ ಹುಳಿಮಣ್ಣಿನಲ್ಲಿ ಅಲ್ಯೂಮಿನಿಯಂ ಬೇರಿಗೆ ಸಿಗುವುದರಿಂದ ಹೂವು ನೀಲಿ. ಬೋರ್‌ವೆಲ್ಲಿನ ಗಡಸು ನೀರು ಕುಡಿಸಿದರೆ ಮುಂದಿನ ಹೂವು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಗಿಡಕ್ಕೆ ರೋಗವೇನೂ ಬಂದಿಲ್ಲ. ನೀಲಿಯೇ ಬೇಕೆಂದರೆ ಮಳೆನೀರು ಹಿಡಿದಿಟ್ಟು ಹಾಕಿ, ಅಥವಾ ಕ್ಷೌರದಂಗಡಿಯಲ್ಲಿ ಬಳಸುವ ಪಟಿಕವನ್ನು ಲೀಟರ್ ನೀರಿಗೆ 3–4 ಗ್ರಾಂನಂತೆ ಕರಗಿಸಿ ಎರಡು ವಾರಕ್ಕೊಮ್ಮೆ, ಮಣ್ಣು ಮೊದಲೇ ಹಸಿ ಇರುವಾಗ ಕೊಡಿ. ಮೊಗ್ಗು ಕಾಣಿಸುವ ಮುಂಚೆಯೇ ಶುರುಮಾಡಬೇಕು; ಅರಳಿದ ಹೂವಿನ ಬಣ್ಣ ಬದಲಾಗದು. ಇನ್ನು, ಹೂವು ಮುಗಿದ ತಕ್ಷಣ ಹೂಗೊಂಚಲಿನ ಕೆಳಗಿನ ಒಂದು ಜೋಡಿ ಎಲೆಯವರೆಗೆ ಮಾತ್ರ ಸವರಿ. ಗುಲಾಬಿಯಂತೆ ಬುಡದವರೆಗೆ ಕತ್ತರಿಸಿದರೆ ಮುಂದಿನ ವರ್ಷ ಎಲೆ ಮಾತ್ರ ಬರುತ್ತದೆ, ಏಕೆಂದರೆ ಈ ಗಿಡ ಹಳೆಯ ಕಡ್ಡಿಯ ಮೇಲೇ ಮೊಗ್ಗು ಕಟ್ಟುವುದು.